ಪಟೇಲರು ತಾಳ್ಮೆಯಿಂದ ಕೇಳಿದ್ದು

ಪಟೇಲ ಪುಟ್ಟೀರಪ್ಪನವರಿಗೆ ಮೂಗಿನ ತುದಿಯಲ್ಲೇ ಕೋಪ. ಎದುರಾಡಿದವರಿಗೆ ಏಟು ಖಚಿತ. ಒಂದು ಬೆಳಿಗ್ಗೆ ಅವರು ಕ್ಷೌರದ ಚೌಡಪ್ಪನನ್ನು ಜಗಲಿಗೆ ಕರೆಸಿದರು.

“ಲೋ ಚೌಡ, ಊರಿನವರು ನನ್ನ ಬೆನ್ನ ಹಿಂದೆ ಏನಂತಾರೆ? ಇದ್ದದ್ದು ಇದ್ದ ಹಾಗೆ ಹೇಳು. ಮುಚ್ಚಿಟ್ಟರೆ ನಾಳೆಯಿಂದ ಈ ಊರಲ್ಲಿ ನಿನ್ನ ಪೆಟ್ಟಿಗೆ ಬಿಚ್ಚೋ ಹಾಗಿಲ್ಲ!”

ಚೌಡಪ್ಪ ಲೆಕ್ಕ ಹಾಕಿದ: ಹೇಳಿದರೆ ಬೆನ್ನಿಗೆ ಪೆಟ್ಟು, ಹೇಳದಿದ್ದರೆ ಹೊಟ್ಟೆಗೆ. ಪಟೇಲರ ಮುಖಕ್ಕೆ ಕಿವಿಯವರೆಗೂ ನೊರೆ ಬಳಿದ. ಕತ್ತಿಯನ್ನು ಮೆಲ್ಲಗೆ ಗಂಟಲ ಮೇಲಿಟ್ಟ.

“ಈಗ ಹೇಳ್ತೀನಿ ಬುದ್ಧಿ. ಅಲ್ಲಾಡಬೇಡಿ, ಈಗಷ್ಟೇ ಮಸೆದ ಕತ್ತಿ. ನಿಮ್ಮನ್ನ ಎಲ್ಲರೂ ಸಿಡಿಮದ್ದು ಅಂತಾರೆ.”

ಪಟೇಲರ ಕಣ್ಣು ಕೆಂಪಾಯಿತು. ಕತ್ತು ಮಾತ್ರ ಅಲ್ಲಾಡಲಿಲ್ಲ.

“ನಿಮ್ಮ ಕೂಗಿಗೆ ಹೆದರಿ ಎಮ್ಮೆ ಹಾಲೇ ಕೊಡಲ್ಲ ಅಂತ ನಿಮ್ಮ ಮನೆ ಅಮ್ಮಾವ್ರೇ ಅಂತಿದ್ರು.”

ನೊರೆಯೊಳಗಿಂದ ಒಂದು ಗುಳ್ಳೆ ಹೊರಟಿತು, ಅಷ್ಟೇ.

ಕ್ಷೌರ ಮುಗಿದದ್ದೇ ಚೌಡಪ್ಪ ಅಂಗಳಕ್ಕೆ ಹಾರಿ ಬೀದಿಗೆಲ್ಲ ಕೇಳುವಂತೆ ಕೂಗಿದ: “ಎಲ್ಲವನ್ನೂ ಎಷ್ಟು ತಾಳ್ಮೆಯಿಂದ ಕೇಳಿದರು ನಮ್ಮ ಪಟೇಲರು! ಎಂಥ ದೊಡ್ಡ ಮನಸ್ಸು!”

ಬೀದಿಯವರೆಲ್ಲ ಬೆರಗಾಗಿ ನೋಡಿದರು. ಹೊಡೆಯಲು ಎತ್ತಿದ್ದ ಕೈಯಿಂದ ಪಟೇಲರು ಮೀಸೆ ತಿರುವಿಕೊಂಡರು.

ಮರುದಿನ ಕ್ಷೌರದ ಹೊತ್ತಿಗೆ ಜಗಲಿಯ ಮುಂದೆ ಅರ್ಧ ಊರೇ ಸಾಲುಗಟ್ಟಿತ್ತು.

“ಬೇಗ ಕತ್ತಿ ಇಡಪ್ಪ ಚೌಡಪ್ಪ, ನಮ್ಮದೂ ಒಂದೊಂದು ಮಾತಿದೆ!”