ಉದ್ದಂಡರಾಯನ ಬಾಗಿಲಿನ ಆಜ್ಞೆ

"ನನ್ನ ಆಜ್ಞೆಯಲ್ಲಿ ಸಾಸಿವೆ ತೂರುವಷ್ಟೂ ಸಂದಿಲ್ಲ!" ಎಂದು ಉದ್ದಂಡರಾಯ ಮೀಸೆ ತಿರುವಿದ. "ಕೇಳಿ! ಅಪರಿಚಿತರು ಬಂದರೆ ಕೋಟೆ ಬಾಗಿಲು ಮುಚ್ಚತಕ್ಕದ್ದು. ಸಿಂಹಾಸನದಲ್ಲಿ ಕೂತು ಆಡಿದ ಮಾತೇ ಆಜ್ಞೆ, ಮಿಕ್ಕಿದ್ದೆಲ್ಲ ಹರಟೆ. ಬಾಗಿಲಿನ ವಿಷಯದಲ್ಲಿ ಸ್ವಂತ ತಲೆ ಓಡಿಸಿದವನ ತಲೆ ಹಾರುತ್ತದೆ!"

ಆಸ್ಥಾನದ ಜಾಣ ಮಲ್ಲರಸ ಕೈಮುಗಿದ. "ಮುಚ್ಚಿದ್ದನ್ನು ಯಾವಾಗ ತೆಗೆಯಬೇಕು ಪ್ರಭು?"

"ಅದನ್ನೂ ಹೇಳಬೇಕೇನಯ್ಯಾ? ಕೂಸಿಗೂ ಗೊತ್ತು!"

ಕೂಸಿಗೆ ಗೊತ್ತಿರಬಹುದು, ಹಾರುವುದು ಕೂಸಿನ ತಲೆಯಲ್ಲವಲ್ಲ! ಬಾಗಿಲು ಕಾಯುವ ಕೆಂಚಣ್ಣ ಮಲ್ಲರಸನ ಹತ್ತಿರ ಓಡಿ ಬಂದ.

"ನಾನೇನ್ ಮಾಡ್ಲಿ ಸ್ವಾಮಿ? ಮನೇಲಿ ಹೆಂಡ್ತಿ ತುಂಬಿದ ಬಸುರಿ."

ಮಲ್ಲರಸನಿಗೆ ಅಯ್ಯೋ ಪಾಪ ಅನ್ನಿಸಿತು. "ಹೇಳಿದಷ್ಟು ಮಾಡು. ಎಳ್ಳುಕಾಳಿನಷ್ಟೂ ಹೆಚ್ಚು ಮಾಡಬೇಡ. ಮಿಕ್ಕಿದ್ದು ನನಗೆ ಬಿಡು."

ಮರುದಿನ ರಾಜ ಹೊಳೆಗೆ ಸ್ನಾನಕ್ಕೆ ಹೋದ. ಅಷ್ಟರಲ್ಲಿ ಎಲ್ಲಿಂದಲೋ ಒಂದು ಕತ್ತೆ ಕೋಟೆ ಮುಂದೆ ಬಂದು ನಿಂತಿತು. ಯಾರ ಕತ್ತೆ? ಯಾರಿಗೂ ಪರಿಚಯವಿಲ್ಲ. ಕೆಂಚಣ್ಣ ದಡಾರನೆ ಬಾಗಿಲು ಹಾಕಿದ.

ಒದ್ದೆ ಪಂಚೆಯಲ್ಲಿ ರಾಜ ವಾಪಸು ಬಂದ. "ತೆಗೆಯೋ ಬಾಗಿಲು!"

ಕೋಟೆ ಮೇಲಿಂದ ಮಲ್ಲರಸ ಇಣುಕಿದ. "ಮುಚ್ಚೋಕೆ ಆಜ್ಞೆ ಇದೆ ಪ್ರಭು, ತೆಗೆಯೋಕಿಲ್ಲ."

"ಈಗ ಹೇಳ್ತಿದ್ದೀನಲ್ಲೋ!"

"ನಿಂತುಕೊಂಡು ಹೇಳ್ತಿದ್ದೀರಿ. ಅದು ಹರಟೆ."

ರಾಜ ಹಲ್ಲು ಕಡಿದ. ಕತ್ತೆ ಅವನ ಪಂಚೆಯ ಅಂಚು ಅಗಿಯತೊಡಗಿತು. ಸ್ವಲ್ಪ ಹೊತ್ತಿಗೆ ರಾಜನ ಮುಖ ಅರಳಿತು.

"ಸಿಂಹಾಸನಕ್ಕೆ ಹಗ್ಗ ಕಟ್ಟಿ ಗೋಡೆ ಮೇಲಿಂದ ಇಳಿಸ್ರೋ! ಹೇಗಿದೆ ನನ್ನ ಉಪಾಯ?"

"ಭೇಷ್ ಪ್ರಭು! ಇಂಥದ್ದು ನಮಗ್ಯಾರಿಗೂ ಹೊಳೀಲಿಲ್ಲ."

ಸಿಂಹಾಸನ ತೂಗಾಡುತ್ತ ಇಳಿದು ಕೆಸರಲ್ಲಿ ಕೂತಿತು. ಅದರ ಮೇಲೆ ರಾಜ ಕೂತು ಕಿರುಚಿದ: "ಬಾಗಿಲು ತೆಗೆಯತಕ್ಕದ್ದು!"

ಬಾಗಿಲು ತೆರೆಯಿತು. ಮೊದಲು ಕತ್ತೆ ಒಳಗೆ ಹೋಯಿತು.

"ಆ ಕೆಂಚನ ತಲೆ ಹಾರಿಸಿ!" ಎಂದು ರಾಜ ಅಬ್ಬರಿಸಿದ.

ಮಲ್ಲರಸ ಅಡ್ಡ ಬಂದ. "ತಲೆ ಓಡಿಸಿದವನದಲ್ಲವೇ ಪ್ರಭು ಹಾರಬೇಕಾದ್ದು? ಕೆಂಚಣ್ಣ ಓಡಿಸಲಿಲ್ಲ. ನಾನೂ ಓಡಿಸಲಿಲ್ಲ. ಕತ್ತೆಯಂತೂ ಇಲ್ಲವೇ ಇಲ್ಲ. ಬಾಗಿಲು ತೆಗೆಸೋಕೆ ಸಿಂಹಾಸನ ಇಳಿಸುವ ಉಪಾಯ ಯಾರದು?"

ರಾಜನ ಕೈ ತಾನಾಗೇ ಕುತ್ತಿಗೆಗೆ ಹೋಯಿತು. ಆಮೇಲೆ ನಗು ಬಂತು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಎಲಾ ಇವನ! ಕೆಂಚಣ್ಣನ ಹೆಂಡತಿಗೆ ಪಟ್ಟೆಸೀರೆ ಕೊಡಿ. ಮಲ್ಲರಸ, ಇನ್ನು ನನ್ನ ಆಜ್ಞೆಗಳನ್ನೆಲ್ಲ ನೀನೇ ತಿದ್ದಬೇಕು. ಒಪ್ಪಿದರೆ ಒಂದು ಊರೇ ಉಂಬಳಿ!"

"ಒಪ್ಪದಿದ್ದರೆ, ಪ್ರಭು?"

"ನೋಡಿದ್ರಾ," ಎಂದ ರಾಜ, "ಆಗಲೇ ತಿದ್ದೋಕೆ ಶುರು ಮಾಡಿದ!"