ನಲವತ್ತೊಂದು ದೋಣಿ ಹೊತ್ತ ಕತ್ತೆ

ಒಂದಾನೊಂದು ಊರಿನಲ್ಲಿ, ಇನ್ನೊಂದು ಊರು ಕಟ್ಟಲು ಯಾರಿಗೂ ಪುರುಸೊತ್ತಿಲ್ಲದ್ದರಿಂದ ಆ ಒಂದೇ ಊರಿನಲ್ಲಿ, ಒಬ್ಬ ರಾಜನಿದ್ದ. ಅವನಿಗೆ ಹೊಟ್ಟೆ ತುಂಬ ಊಟವಿತ್ತು, ಮೈ ತುಂಬ ಬಟ್ಟೆಯಿತ್ತು, ಮುಖದ ತುಂಬ ಮೀಸೆಯಿತ್ತು. ಒಂದು ದಿನ ಆನೆಯ ಮೇಲೆ ಕೂತು ಮೀಸೆಯ ಮೆರವಣಿಗೆ ಹೊರಟ. ಜನ ದಾರಿಯ ಎರಡೂ ಬದಿಗೆ ನಿಂತು ನೋಡಿದರು. ಆದರೆ ರಾಜನಿಗೆ ಅನುಮಾನ ಬಂತು. ಇವರು ನೋಡುತ್ತಿರುವುದು ನನ್ನ ಮೀಸೆಯನ್ನೋ, ನನ್ನ ಹಿಂದಿರುವ ಮಿರ್ಚಿ ಭಜಿ ಅಂಗಡಿಯನ್ನೋ?

ಮೂರು ದಿನ ಊಟ ಬಿಟ್ಟ. ನಾಲ್ಕನೆಯ ದಿನ ಊರಿನ ಪ್ರತಿಯೊಬ್ಬರಿಗೂ ಒಂದೊಂದು ಕತ್ತೆ ಕೊಟ್ಟ.

ಬಿಟ್ಟಿ ಕತ್ತೆ. ಹುಲ್ಲು ಕೇಳದ ಕತ್ತೆ. ನೀರು ಕೇಳದ ಕತ್ತೆ. ಒಡೆಯರು ಹೋದಲ್ಲೆಲ್ಲ ಹಿಂದೆ ಬರುತ್ತಿತ್ತು. ಒಡೆಯರು ಏನನ್ನು ನೋಡಿದರೂ ಅದರದೊಂದು ಪುಟ್ಟ ಮಣ್ಣಿನ ಗೊಂಬೆ ಕತ್ತೆಯ ಬೆನ್ನ ಮೇಲಿನ ಚೀಲಕ್ಕೆ ಟಪ್ ಎಂದು ಬೀಳುತ್ತಿತ್ತು. ಬದನೆಕಾಯಿ ನೋಡಿದರೆ ಬದನೆಕಾಯಿ ಗೊಂಬೆ. ಪಕ್ಕದ ಮನೆಯವಳ ಮೂಗುತಿ ನೋಡಿದರೆ ಮೂಗುತಿ ಗೊಂಬೆ. ಚೀಲದ ಬಾಯಿಗೆ ದಾರವಿರಲಿಲ್ಲ. ಯಾರು ಬೇಕಾದರೂ ಇಣುಕಬಹುದು.

ಜನ ಮೊದಲು ಹೆದರಿದರು. ಆಮೇಲೆ, ಬಿಟ್ಟಿ ಅಲ್ಲವೇ ಅಂದರು. ಬಿಟ್ಟಿ ಅಂದಮೇಲೆ ಹೆದರಿಕೆ ಹೋಯಿತು.

ಆ ಊರಿನಲ್ಲಿ ಸಾವಂತ್ರವ್ವ ಎಂಬುವಳಿದ್ದಳು. ಅವಳ ಗಂಡ ಭರಮಪ್ಪ ಅರಮನೆಯಲ್ಲಿ ನಗಾರಿ ಬಾರಿಸುವವನು. ಮನೆಗೆ ಬಂದಮೇಲೂ ಅವನಿಗೆ ಅದೇ ಕೆಲಸ. ಮನೆಯಲ್ಲಿ ನಗಾರಿ ಇರಲಿಲ್ಲ, ಅಷ್ಟೇ. ಅವನ ಮೊದಲನೆಯ ಹೆಂಡತಿ ಊರಾಚೆಯ ದಾರಿಯನ್ನು ಮೂರು ಸಲ ನೋಡಿದ್ದಳು. ಅವಳ ಚೀಲದಲ್ಲಿ ಮೂರು ದಾರಿಗಳು ಅವನಿಗೆ ಸಿಕ್ಕವು. ಆಮೇಲೆ ಅವಳು ಯಾರಿಗೂ ಸಿಗಲಿಲ್ಲ.

ಒಂದು ಸಲ ರಾಜ ಗಡಿ ನೋಡಲು ಒಂಬತ್ತು ದಿನದ ಪ್ರವಾಸ ಹೊರಟ. ಭರಮಪ್ಪನೂ ನಗಾರಿ ಹೊತ್ತು ಹೊರಟ. ಮೊದಲ ದಿನವೇ ಸಾವಂತ್ರವ್ವ ಬಟ್ಟೆ ಒಗೆಯಲು ಹೊಳೆಗೆ ಹೋದಳು. ಸೊಂಟ ನೋವಾಗಿ ತಲೆ ಎತ್ತಿದಳು. ಒಂದು ದೋಣಿ ಆಚೆ ದಡಕ್ಕೆ ಹೋಗುತ್ತಿತ್ತು.

ಟಪ್.

ದೋಣಿಯಲ್ಲಿ ಅಂಬಿಗ ಯಂಕಪ್ಪ ಒಬ್ಬನೇ ಇದ್ದ. ಅವನು ಯಾವಾಗಲೂ ಒಬ್ಬನೇ. ಅಂಬಿಗನ ಕತ್ತೆಗೆ ಮಾತ್ರ ದಡದಲ್ಲೇ ಕಾಯುವ ಅಪ್ಪಣೆಯಿತ್ತು. ಕತ್ತೆಯಿಲ್ಲದವರನ್ನು ಹತ್ತಿಸಿಕೊಳ್ಳಬಾರದು ಎಂಬುದು ರಾಜನ ಆಜ್ಞೆ. ಕತ್ತೆ ಹತ್ತಿದರೆ ದೋಣಿ ಮುಳುಗಬೇಕು ಎಂಬುದು ಹೊಳೆಯ ಆಜ್ಞೆ. ಎರಡನ್ನೂ ಪಾಲಿಸಿ ಯಂಕಪ್ಪ ದಿನಕ್ಕೆ ನಾಲ್ಕು ಸಲ ಖಾಲಿ ಹೋಗುತ್ತಿದ್ದ, ನಾಲ್ಕು ಸಲ ಖಾಲಿ ಬರುತ್ತಿದ್ದ.

ಇದು ಸಾವಂತ್ರವ್ವನಿಗೂ ಗೊತ್ತು. ಗೊತ್ತಿದ್ದೂ ಮಾರನೆಯ ದಿನ ನೋಡಿದಳು. ಅದರ ಮಾರನೆಯ ದಿನವೂ ನೋಡಿದಳು. ಟಪ್, ಟಪ್, ಟಪ್.

ಕತ್ತೆಗೆ ಮಾತು ಬರುತ್ತಿತ್ತು ಅಂತ ಹೇಳಿದೆನೇ? ಬರುತ್ತಿತ್ತು. ಬಹಳ ವಿನಯದ ಮಾತು.

"ಅಕ್ಕಾ, ದೋಣಿ ನೋಡಿದವ್ರು ಗಂಟು ಕಟ್ಟೋ ಬಟ್ಟಿನೂ ನೋಡ್ಯಾರ. ತೋರಿಸ್ಲೇನು?"

"ಸುಮ್ನಿರ."

"ಆಚಿ ದಂಡಿ ಊರಾಗ ಬಾಡಗಿ ಮನಿನೂ ಅದಾವಂತ."

"ಸುಮ್ನಿರ ಅಂದೆ!"

"ಗಂಡನ್ನ ಬಿಟ್ಟು ಹೋದ ಹೆಣ್ಮಕ್ಕಳು ಇಂಥಾ ಚಪ್ಪಲಿ ಮೆಟ್ತಾರ ನೋಡ. ನಡದ್ರ ಸಪ್ಪಳಾ ಆಗೂದಿಲ್ಲ."

ಕತ್ತೆ ಅವಳಿಗೆ ಹೇಳಿದ್ದನ್ನು ಪೇಟೆಗೂ ಹೇಳಿತು. ಆರನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಹೊರಗೆ ಹನ್ನೆರಡು ಜನ ವ್ಯಾಪಾರಿಗಳು. ಒಬ್ಬ ದೋಣಿಯ ಹುಟ್ಟು ಹಿಡಿದು ನಿಂತಿದ್ದ. ಒಬ್ಬ ದೋಣಿಯ ತೂತು ಮುಚ್ಚುವ ಮೇಣ ಹಿಡಿದು ನಿಂತಿದ್ದ. "ಯವ್ವಾ, ಓಡಿ ಹೋಗೂದಕ್ಕ ಏನೇನು ಬೇಕ?" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಓಣಿಯ ಕಿಟಕಿಗಳೆಲ್ಲ ತೆರೆದುಕೊಂಡವು.

ಸಾವಂತ್ರವ್ವ ಚೀಲಕ್ಕೆ ಕೈ ಹಾಕಿ ಎಣಿಸಿದಳು. ನಲವತ್ತೊಂದು ದೋಣಿ. ಗಂಡ ಬರಲು ಇನ್ನು ಮೂರು ದಿನ.

ಊರಿನಲ್ಲಿ ಮರೆಸುವ ಕಚೇರಿ ಎಂದು ಒಂದಿತ್ತು. ರಾಜ ದಯಾಳು ನೋಡಿ, ಅದನ್ನೂ ಅವನೇ ಕಟ್ಟಿಸಿದ್ದ. ಅಲ್ಲಿ ಗುಮಾಸ್ತ ಹಾಲಪ್ಪ ಸುತ್ತಿಗೆ ಹಿಡಿದು ಕೂತಿದ್ದ.

"ಅಳಿಸೂದು ನಿಮ್ಮ ಹಕ್ಕು, ತಾಯಿ," ಎಂದ. "ಕೂಡ್ರಿ. ನೀರು ಕುಡೀರಿ."

ಮೊದಲನೆಯ ದೋಣಿಯನ್ನು ಎತ್ತಿ ಅವಳ ಮುಖದ ಮುಂದೆ ಹಿಡಿದ. "ಇದನ್ನ ಸರಿಯಾಗಿ ನೋಡ್ರಿ. ಇದನ್ನ ಅಳಿಸ್ಲೇನು?"

ನೋಡಿದಳು. "ಹೂಂ."

ಹಾಲಪ್ಪ ಕುಟ್ಟಿ ಪುಡಿ ಮಾಡಿದ. ಟಪ್. ಚೀಲದಲ್ಲಿ ಹೊಸ ದೋಣಿ ಬಿತ್ತು. ಅವಳು ಈಗ ತಾನೆ ನೋಡಿದಳಲ್ಲ, ಅದು. ಟಪ್. ಅದರ ಜೊತೆಗೆ ಸುತ್ತಿಗೆ ಎತ್ತಿದ ಹಾಲಪ್ಪನ ಗೊಂಬೆಯೂ ಬಿತ್ತು.

"ಇದೇನ್ರಿ ಇದು?"

"ನಿಯಮ. ನೋಡದ ಒಪ್ಪಿದ್ರ ಅದು ಒಪ್ಪಿಗಿ ಅಲ್ಲ. ನೋಡಿ ಒಪ್ಪಿದ್ರ ಅದೂ ಒಂದು ನೋಟ. ಮುಂದಿಂದು ನೋಡ್ರಿ."

ಸಂಜೆಯವರೆಗೆ ಕುಟ್ಟಿದರು. ನಲವತ್ತೊಂದು ದೋಣಿ ಪುಡಿಯಾದವು. ಚೀಲದಲ್ಲಿ ನಲವತ್ತೊಂದು ದೋಣಿ ಉಳಿದವು. ಅವುಗಳ ಮೇಲೆ ನಲವತ್ತೊಂದು ಹಾಲಪ್ಪ.

ಹಾಲಪ್ಪ ಚೀಲದೊಳಗೆ ತನ್ನ ಮುಖಗಳನ್ನು ನೋಡಿಕೊಂಡ. "ತಾಯಿ, ನಿಮ್ಮ ಯಜಮಾನ್ರು ಯಾರು?"

"ನಗಾರಿ ಭರಮಪ್ಪ."

ಹಾಲಪ್ಪ ಎದ್ದು ಬಾಗಿಲು ಹಾಕಿಕೊಂಡ. "ದೋಣಿ ಇರ್ಲಿ. ಮೊದ್ಲ ನನ್ನ ಅಳಿಸ್ರಿ. ನಾ ಮಕ್ಕಳು ಮರಿ ಇದ್ದಾಂವ!" ತಾನೇ ಕಣ್ಣು ಮುಚ್ಚಿ, ಅವಳ ಕಣ್ಣಿಗೂ ಟವೆಲ್ ಕಟ್ಟಿ, ನಿಯಮ ಮುರಿದು ನಲವತ್ತೊಂದು ಹಾಲಪ್ಪಗಳನ್ನು ಪುಡಿ ಮಾಡಿದ.

"ಹಂಗಾರ ದೋಣಿನೂ ಹಿಂಗ ಕುಟ್ಟಬಹುದಲ್ಲ!" ಎಂದಳು ಸಾವಂತ್ರವ್ವ.

"ಅವು ನನ್ನವಲ್ಲಲ್ಲ," ಎಂದ ಹಾಲಪ್ಪ.

"ಚೀಲಾನ ಬೋರಲು ಹಾಕಿಬಿಡ್ರಿ ಮತ್ತ."

"ಹಾಕಬಹುದು. ಖಾಲಿ ಚೀಲ ನೋಡಿ ನಿಮ್ಮ ಯಜಮಾನ್ರು ಏನಂತಾರ? ತುಂಬಿದ ಚೀಲದಾಗ ಇದ್ದಷ್ಟ ಇರ್ತದ. ಖಾಲಿ ಚೀಲದಾಗ ಅವ್ರಿಗೆ ಬೇಕಾದ್ದೆಲ್ಲಾ ಇರ್ತದ."

ಸಾವಂತ್ರವ್ವ ಮನೆಗೆ ಬಂದಳು. ದೋಣಿಗಳನ್ನು ಮುಚ್ಚಿಬಿಡೋಣ ಎಂದುಕೊಂಡಳು. ಗೂಟಕ್ಕೆ ಗಂಡನ ಅಂಗಿ ನೇತಾಡುತ್ತಿತ್ತು. ಅದರ ಮುಂದೆ ಕೂತು ಎರಡು ದಿನ ಅದನ್ನೇ ನೋಡಿದಳು. ಟಪ್, ಟಪ್, ಟಪ್. ಇನ್ನೂರು ಅಂಗಿ ಬಿದ್ದವು. ಬಿದ್ದ ಅಂಗಿಗಳೆಲ್ಲ ಜಾರಿ ಚೀಲದ ತಳಕ್ಕೆ ಹೋದವು. ದೋಣಿಗಳು ಮೇಲೆಯೇ ಕೂತಿದ್ದವು.

"ಯಾಕ?" ಎಂದು ಕೇಳಿದಳು.

"ಅಂಗಿನ ನೀ ನೋಡಿದಿ, ಅಕ್ಕಾ," ಎಂದಿತು ಕತ್ತೆ. "ದೋಣಿನ ನೀ ನೋಡ್ಕೋತ ನಿಂತಿ."

ಪಕ್ಕದ ಮನೆಯಲ್ಲಿ ಫಕ್ಕೀರವ್ವ ಎಂಬ ಮುದುಕಿ ಇದ್ದಳು. ಗಂಡ ಸತ್ತು ಹದಿನಾರು ವರ್ಷವಾಗಿತ್ತು. ಅವಳ ಕತ್ತೆಯ ಚೀಲದಲ್ಲಿ ಎರಡೇ ಬಗೆಯ ಗೊಂಬೆ. ಒಂದು ಅಂಗಳದ ದಾಸವಾಳ, ಇನ್ನೊಂದು ಗೋಡೆಯ ಹಲ್ಲಿ. ಅಳುವ ಸದ್ದು ಕೇಳಿ ಮುದುಕಿ ಗೋಡೆಯ ಮೇಲಿಂದ ಇಣುಕಿದಳು.

"ಏ ಸಾವಂತ್ರಿ, ಕತ್ತಿ ಬದಲು ಮಾಡೂಣು ಬಾ."

"ಆಗತೈತೇನ ಅತ್ತಿ?"

"ರಾಜನ ಕಡೆಯವ್ರು ಮನಿ ಮುಂದಿನ ಕಂಬ ನೋಡಿ ಬರಕೋತಾರ, ಮಾರಿ ನೋಡೂದಿಲ್ಲ. ಯಾವ ಕಂಬಕ್ಕ ಕಟ್ಟಿದ್ರ ಆ ಮನಿ ಕತ್ತಿ."

"ನಿಮಗೇನರ ಆದ್ರ?"

"ನನಗ ಯಾರು ಬಡೀತಾರ? ಬಡಿಯಾಂವ ಸತ್ತು ಹದಿನಾರು ವರ್ಷ ಆತು. ನಿಂದು ನನ್ನ ಕಂಬಕ್ಕ ಕಟ್ಟ. ದೋಣಿ ನೋಡಿ ನನಗೂ ಭಾಳ ದಿನ ಆಗೇತಿ."

ಕಟ್ಟಿದರು. ಒಂಬತ್ತನೆಯ ದಿನ ಭರಮಪ್ಪ ಬಂದ. ಚಪ್ಪಲಿ ಬಿಡುವ ಮೊದಲು ಚೀಲಕ್ಕೆ ಕೈ ಹಾಕಿದ. ದಾಸವಾಳ. ಹಲ್ಲಿ. ದಾಸವಾಳ. ಹಲ್ಲಿ. ತಳದವರೆಗೂ ಹುಡುಕಿದ. ಏನೂ ಸಿಗಲಿಲ್ಲ ಎಂದು ಸಿಟ್ಟು ಬಂತು. "ಹಲ್ಲಿ ಯಾಕ ನೋಡಿದಿ?" ಎಂದು ಹೊಡೆದ. ಎರಡೇ ಏಟು. ಅಷ್ಟು ಲಾಭವಾಯಿತು.

ಮಾರನೆಯ ದಿನ ರಾಜನ ಕಡೆಯವರು ಕಂಬ ನೋಡಲು ಬಂದರು. ಫಕ್ಕೀರವ್ವನ ಕಂಬದಲ್ಲಿ ದೋಣಿಗಳ ಕತ್ತೆ. ಮಂತ್ರಿಯ ತಲೆ ಓಡತೊಡಗಿತು. ದೋಣಿ ನೋಡುವವಳು ಬಿಟ್ಟು ಹೋಗುವವಳು. ಬಿಟ್ಟು ಹೋಗಲು ಇವಳಿಗೆ ಗಂಡನಿಲ್ಲ. ಮಕ್ಕಳಿಲ್ಲ. ಹಾಗಾದರೆ ಯಾರನ್ನು ಬಿಟ್ಟು ಹೋಗುತ್ತಾಳೆ? ಉಳಿದವನು ರಾಜ ಒಬ್ಬನೇ.

ಮುದುಕಿಯನ್ನು ಸಭೆಗೆ ಕರೆಸಿದರು. ರಾಜನಿಗೆ ಕಣ್ಣಲ್ಲಿ ನೀರು ಬಂತು. ಮೀಸೆ ಒದ್ದೆಯಾಯಿತು.

"ನನ್ನನ್ನು ಬಿಟ್ಟು ಹೋಗಬೇಕು ಅನ್ನಿಸಿತೇ ನಿನಗೆ?" ಎಂದು ಕೇಳಿದ.

"ನಾ ನಿನ್ನ ಕಟಗೊಂಡಿದ್ದು ಯಾವಾಗೋ ಎಪ್ಪಾ?" ಎಂದಳು ಫಕ್ಕೀರವ್ವ.

ಸಭೆಯಲ್ಲಿ ಯಾರೋ ನಕ್ಕರು. ನಗು ಕೇಳಿಸಿದ್ದರಿಂದ ತೀರ್ಪು ಬೇಗ ಬಂತು. "ಪ್ರಜೆ ಏನನ್ನು ನೋಡುತ್ತಾಳೋ ಅದನ್ನು ಕೊಡುವುದೇ ರಾಜಧರ್ಮ. ಇವಳನ್ನು ದೋಣಿ ಹತ್ತಿಸಿ. ಕತ್ತೆ ಸಮೇತ."

ಮಧ್ಯಾಹ್ನ ಊರಿಗೆ ಊರೇ ದಡಕ್ಕೆ ಬಂದು ನಿಂತಿತು. ಜನರ ಹಿಂದೆ ಅಷ್ಟೇ ಕತ್ತೆಗಳು. ಭರಮಪ್ಪ ನಗಾರಿ ಬಾರಿಸಿದ. ಯಂಕಪ್ಪ ದೋಣಿಯನ್ನು ನೀರಿಗೆ ತಳ್ಳಿ ತಾನು ದಡದಲ್ಲೇ ಉಳಿದ. ಅವನಿಗೆ ಹೊಳೆಯ ಆಜ್ಞೆ ಗೊತ್ತಿತ್ತು.

ಸಾವಂತ್ರವ್ವ ತಲೆ ತಗ್ಗಿಸಿಕೊಂಡೇ ಜನರನ್ನು ನೂಕಿಕೊಂಡು ಮುಂದೆ ಬಂದಳು. "ಅದು—" ಎಂದಳು.

"ಬಾಯಿ ಮುಚ್ಚ!" ಎಂದು ಫಕ್ಕೀರವ್ವ ದೋಣಿಯಿಂದ ಒದರಿದಳು. "ನನ್ನ ದೋಣಿ, ನಾ ನೋಡಿದ್ದು! ಯಾರೂ ನಡುವ ಬರಬ್ಯಾಡ್ರಿ!" ಆಮೇಲೆ ದಡದ ಜನಕ್ಕೆಲ್ಲ ಕೇಳುವಂತೆ ಕೂಗಿದಳು. "ನೋಡ್ರಿ, ಎಲ್ಲಾರೂ ನೋಡ್ರಿ! ಕಣ್ತುಂಬ ನೋಡ್ರಿ!"

ಮುದುಕಿಯ ಲೆಕ್ಕ ಸರಿಯಾಗಿತ್ತು. ಇಡೀ ಊರಿನ ಚೀಲದಲ್ಲಿ ದೋಣಿ ಬಿದ್ದರೆ, ದೋಣಿ ನೋಡಿದ್ದು ಯಾರು ಎಂದು ಇನ್ನು ಮುಂದೆ ಯಾರನ್ನು ಕೇಳುತ್ತಾರೆ?

ಪಕ್ಕದಲ್ಲಿ ನಿಂತಿದ್ದ ಕತ್ತೆ ವಿನಯದಿಂದ ಹೇಳಿತು. "ಅಜ್ಜೀ, ದೋಣಿ ನೋಡಿದವ್ರು ಮುಳುಗೂದನ್ನೂ ನೋಡ್ಯಾರ."

ದೋಣಿ ಮುಳುಗಿತು. ಟಪ್, ಟಪ್, ಟಪ್, ಟಪ್. ಸಾವಿರ ಚೀಲಗಳಲ್ಲಿ ಸಾವಿರ ದೋಣಿ, ಸಾವಿರ ಮುದುಕಿ. ಮಳೆ ಬಿದ್ದಂಥ ಸದ್ದು.

ಸಾವಂತ್ರವ್ವ ನೋಡಲಿಲ್ಲ. ನೋಡಲಾಗಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದಳು.

ಮನೆಗೆ ಬಂದಮೇಲೆ ಭರಮಪ್ಪ ಎಂದಿನಂತೆ ಚೀಲಕ್ಕೆ ಕೈ ಹಾಕಿದ. ದಾಸವಾಳ, ಹಲ್ಲಿ, ಜನರ ಬೆನ್ನು. ಮತ್ತೊಮ್ಮೆ ಹುಡುಕಿದ. ದೋಣಿಯಿಲ್ಲ. ಊರಿನಲ್ಲಿ ಹಸುಗೂಸಿನ ಚೀಲದಲ್ಲೂ ಇದ್ದ ದೋಣಿ ಇಲ್ಲಿಲ್ಲ.

ಕೂಗಾಡಲಿಲ್ಲ. ನಗಾರಿಯ ಕೋಲು ಹುಡುಕಿಕೊಂಡು ಬಂದ. "ಇಡೀ ಊರು ನೋಡಿದ್ದನ್ನ ನೀ ಯಾಕ ನೋಡ್ಲಿಲ್ಲ?"

ಕಣ್ಣಿಗೆ ಕಸ ಬಿದ್ದಿತ್ತು ಎನ್ನಬಹುದಿತ್ತು. ತಲೆ ತಿರುಗಿತು ಎನ್ನಬಹುದಿತ್ತು. ಆ ಊರಿನ ಹೆಂಗಸರಿಗೆ ಇಂಥ ಉತ್ತರಗಳು ನೂರು ಗೊತ್ತು.

"ನಾ ಮೊದ್ಲ ನೋಡಿದ್ದೆ," ಎಂದಳು ಸಾವಂತ್ರವ್ವ. "ಆ ನಲವತ್ತೊಂದೂ ನನ್ನವು."

ಚೀಲದಲ್ಲಿ ಇನ್ನೊಂದು ಗೊಂಬೆ ಬಿತ್ತು. ಟಪ್. ಆಮೇಲೆ ಆ ಚೀಲದಲ್ಲಿ ಏನೂ ಬೀಳಲಿಲ್ಲ.

ಬೆಳಿಗ್ಗೆ ಕತ್ತೆ ಒಂಟಿಯಾಗಿ ಓಣಿಗೆ ಬಂತು. ಹಿಂಬಾಲಿಸಲು ಯಾರೂ ಇಲ್ಲದ್ದರಿಂದ ಸುಮ್ಮನೆ ಮನೆಯಿಂದ ಮನೆಗೆ ನಡೆಯಿತು. ಜನ ಚೀಲ ಇಣುಕಿದರು. ಎಲ್ಲದರ ಮೇಲೆ ಒಂದು ಗೊಂಬೆ ಇತ್ತು. ಭರಮಪ್ಪ, ಕೋಲು ಎತ್ತಿದವನು. ನೋಡಿದವರ ಚೀಲಗಳಲ್ಲೂ ಬಿತ್ತು. ಟಪ್, ಟಪ್, ಟಪ್.

ಅಷ್ಟು ಹೊತ್ತಿಗೆ ಭರಮಪ್ಪನೂ ಕುತ್ತಿಗೆಗೆ ನಗಾರಿ ಹಾಕಿಕೊಂಡು ಅರಮನೆಗೆ ಹೊರಟ.

"ಸಾವಂತ್ರವ್ವ ಕಾಣವಲ್ಲಳ್ರಿ?" ಎಂದು ಒಬ್ಬರು ಕೇಳಿದರು.

"ತವರಿಗೆ ಹೋಗ್ಯಾಳ."

"ಹೌದೇನ್ರಿ? ಚಲೋ ಆತು ಬಿಡ್ರಿ."

ಕೇಳಿದವರ ಹಿಂದೆ ಅವರ ಕತ್ತೆ ನಿಂತಿತ್ತು. ಚೀಲದಿಂದ ಭರಮಪ್ಪ ಕೋಲೆತ್ತಿ ಇಣುಕುತ್ತಿದ್ದ. ಅವರು ಕತ್ತೆಗೆ ಅಡ್ಡ ನಿಂತರು.

"ನಾವೇನೂ ನೋಡಿಲ್ಲಪಾ," ಎಂದಿತು ಓಣಿ. "ನಾವಂತೂ ಏನೂ ನೋಡಿಲ್ಲ," ಎಂದಿತು ಪಕ್ಕದ ಓಣಿ. ಮಧ್ಯಾಹ್ನದೊಳಗೆ ಇಡೀ ಊರು ಕತ್ತೆ ಹೊಡೆದುಕೊಂಡು ಮರೆಸುವ ಕಚೇರಿಯ ಮುಂದೆ ಸಾಲು ನಿಂತಿತ್ತು.

ಹಾಲಪ್ಪ ಮೊದಲನೆಯವರ ಗೊಂಬೆ ಎತ್ತಿ ಹಿಡಿದ. "ಸರಿಯಾಗಿ ನೋಡ್ರಿ. ಇದನ್ನ ಅಳಿಸ್ಲೇನು?"

ನೋಡಿದರು. ಕುಟ್ಟಿದ. ಟಪ್.

ಸಾಲು ಇವತ್ತಿಗೂ ಮುಂದೆ ಸರಿದಿಲ್ಲ. ಮೊದಲನೆಯವರೇ ಇನ್ನೂ ನೋಡುತ್ತಿದ್ದಾರೆ.

ಕತೆಯ ನೀತಿ ಕೇಳುತ್ತೀರಾ? ಬರೆದುಕೊಳ್ಳಿ. ಪಕ್ಕದ ಮನೆಯಿಂದ ಸದ್ದು ಬಂದಾಗ ಹಲ್ಲಿ ನೋಡಬೇಕು. ಹಲ್ಲಿಯ ಬಗ್ಗೆ ಯಾರೂ ಸಾಕ್ಷಿ ಕೇಳುವುದಿಲ್ಲ.

ಕತೆ ಹೊಳೆ ದಾಟಿತು. ನಾವು ಈಚೆ ದಡದಲ್ಲಿ ಉಳಿದೆವು.