ತಂತಿ ಹಂಚುವ ಭರಮ

ಕೇಳಿರಪ್ಪ, ಇದು ಊರಿಗೆ ತಂತಿ ಬರುತ್ತಿದ್ದ ಕಾಲದ ಮಾತು. ಸಂಕವ್ವನಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗಳು ನೀಲವ್ವ ಚುರುಕು. ಮಗ ಭರಮನ ತಲೆಯಲ್ಲಿ ಮಾತ್ರ ಬರೀ ಮಣ್ಣು. ಅವರಿವರ ಕಾಲು ಹಿಡಿದು ಸಂಕವ್ವ ಅವನನ್ನು ಅಂಚೆ ಕಚೇರಿಯಲ್ಲಿ ತಂತಿ ಹಂಚುವ ಕೆಲಸಕ್ಕೆ ಸೇರಿಸಿದಳು. ಅಣ್ಣ ನೌಕರಿಯಲ್ಲಿದ್ದಾನೆ ಅಂದರೆ ನೀಲವ್ವನಿಗೆ ಒಳ್ಳೆ ಕಡೆ ಗಂಡು ಸಿಕ್ಕೀತು ಅನ್ನುವುದೊಂದೇ ತಾಯಿಯ ಆಸೆ.

ಆಗೆಲ್ಲ ತಂತಿ ಅಂದರೆ ಸಾವಿನ ಸುದ್ದಿ. ಒಡೆಯುವ ಮೊದಲೇ ಮನೆಮಂದಿ ಎದೆ ಬಡಿದುಕೊಳ್ಳುತ್ತಿದ್ದರು. ಅದಕ್ಕೇ ಸಂಕವ್ವ ಬುದ್ಧಿ ಹೇಳಿದಳು:

"ಸುಮ್ಮನ ಕೊಟ್ಟು ಬರಬ್ಯಾಡೋ. ನಾಕು ಹನಿ ಕಣ್ಣೀರು ಹಾಕಿ, ಸಮಾಧಾನ ಹೇಳಿ ಬಾ."

ಮರುದಿನ ಗೌಡರ ಮನೆಗೆ ತಂತಿ. ಭರಮ ಹೊಸ್ತಿಲಲ್ಲೇ ಕೂತು ಗೊಳೋ ಅಂತ ಅತ್ತ. "ಹ್ವಾದವ್ರು ತಿರುಗಿ ಬರೂದಿಲ್ರಿ, ಧೈರ್ಯ ತಗೋರಿ" ಅಂದ. ಮನೆ ತುಂಬ ಗೋಳಾಟ. ಒಡೆದು ಓದಿದರೆ, ಗೌಡರ ಮಗಳು ಗಂಡುಮಗು ಹೆತ್ತ ಸುದ್ದಿ. ಗೌಡರು ಬಾಯಿಗೆ ಬಂದಂತೆ ಬೈದು ಅಟ್ಟಿದರು.

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಇಂಥಾ ಸುದ್ದಿಗೆ ನಗಬೇಕೋ. ಬಾಯಿ ಸಿಹಿ ಮಾಡ್ರಿ ಅನ್ನಬೇಕೋ" ಅಂದಳು ತಾಯಿ.

"ಆಗಲಿ ಬಿಡವ್ವ."

ಮುಂದಿನ ತಂತಿ ಕಂಬಾರ ಈರಪ್ಪನಿಗೆ. ಭರಮ ಹಲ್ಲು ಕಿರಿಯುತ್ತ ನಿಂತ. "ಬಾಯಿ ಸಿಹಿ ಮಾಡ್ರಿ. ಪೇಢೇನ ಆಗಬೇಕು." ಈರಪ್ಪನ ಮಾವ ತೀರಿಕೊಂಡಿದ್ದ. ಭರಮನ ಬೆನ್ನಿಗೆ ನಾಕು ಗುದ್ದು ಬಿದ್ದವು.

ಸಂಕವ್ವನಿಗೆ ಸಾಕುಸಾಕಾಗಿ ಹೋಯಿತು. "ಇನ್ನ ಮ್ಯಾಲೆ ನೀ ಬಾಯೇ ತೆರೀಬ್ಯಾಡ. ಯಾರೇನಂದ್ರೂ ಸುಮ್ಮನ ಗೋಣು ಹಾಕು."

ಅಷ್ಟರಲ್ಲಿ ಅಂಚೆ ಕಚೇರಿಗೆ ಕರಿ ಫೋನು ಬಂತು. ನೀಲವ್ವನನ್ನು ನೋಡಿ ಹೋದ ಗಂಡಿನ ಕಡೆಯವರು, "ಸೋಮವಾರ ಫೋನ್ ಮಾಡ್ತೀವಿ. ಹುಡುಗಿ ಅಣ್ಣನೇ ಒಪ್ಪಿಗಿ ಹೇಳಲಿ" ಅಂದಿದ್ದರು. ಸಂಕವ್ವನಿಗೆ ಇದಕ್ಕಿಂತ ಒಳ್ಳೆ ಸಂಬಂಧ ಬೇಕಿರಲಿಲ್ಲ. ಸೋಮವಾರ ಬೆಳಗಿನಿಂದ ಬಾಗಿಲಲ್ಲೇ ಕೂತು ಮಗನ ದಾರಿ ಕಾದಳು.

ಸಂಜೆ ಭರಮ ಬೀಗುತ್ತ ಬಂದ.

"ಫೋನ್ ಬಂತೇನೋ?"

"ಬಂತವ್ವ. ನಮಗ ಹುಡುಗಿ ಒಪ್ಪಿಗಿ, ನಿಮಗ ಸಂಬಂಧ ಒಪ್ಪಿಗಿ ಐತೇನು ಅಂದ್ರು."

"ನೀ ಏನಂದಿ?"

"ನಾ ಯಾಕ ಅನ್ಲಿ? ಬಾಯಿ ತೆರೀಬ್ಯಾಡ ಅಂತ ನೀನ ಅಂದಿದ್ದಿಯಲ್ಲ. ಗೋಣು ಹಾಕಿದೆ."

ಸಂಕವ್ವ ಹಣೆ ಬಡಿದುಕೊಂಡಳು.

"ಹಲೋ ಹಲೋ ಅಂತ ಒದರಿದ್ರು. ಇನ್ನೂ ಜೋರಾಗಿ ಹಾಕಿದೆ. ಮನಸಿಲ್ಲಂದ್ರ ಬ್ಯಾರೆ ಹುಡುಗಿ ನೋಡ್ತೀವಿ ಅಂದ್ರು. ಅದಕ್ಕೂ ಹಾಕಿದೆ. ಆಮ್ಯಾಲೆ ಅವರ ದನಿನ ನಿಂತು ಹೋತು. ನಾ ಮಾತ್ರ ಕಚೇರಿ ಬಾಗಿಲ ಹಾಕೂತನಕ ಬಿಡಲಿಲ್ಲ ನೋಡು. ಕುತ್ತಿಗಿ ಉಳುಕೇತಿ, ಜರಾ ಎಣ್ಣಿ ತಿಕ್ಕವ್ವ."